ಎದೆಯ ಗಾಯ ಮಾಯುವ ದಿನಗಳು

ಕಳೆದ ನಾಲ್ಕು ಸಂಚಿಕೆಗಳಲ್ಲಿ ನಮ್ಮ ಲೇಖನ ಬಾರದಿದ್ದುದನ್ನು ಗಮನಿಸಿ ಹಲವು ವಾಚಕ ಬಂಧುಗಳು ಸಂಪಾದಕರಿಗೆ ಪತ್ರ ಬರೆದಿದ್ದಾರೆ. ಕೆಲವರು ನೇರವಾಗಿ ಮನೆಗೇ ದೂರವಾಣಿ ಮಾಡಿ ವಿಚಾರಿಸಿದ್ದಾರೆ. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವ ಶಕ್ತಿ ಇನ್ನೂ ಪೂರ್ಣವಾಗಿ ಬಂದಿಲ್ಲವಾದ್ದರಿಂದ ಈ ಬರಹವನ್ನೇ ಎಲ್ಲರಿಗೂ ಬರೆದ ಉತ್ತರವೆಂದು ಭಾವಿಸಬೇಕೆಂದು ವಿನಂತಿ. 2024ರ ಆಗಸ್ಟ್ 27ರಂದು, ಶ್ರಾವಣದ ನಾಲ್ಕನೆಯ ಸೋಮವಾರದ ಮರುದಿನ, ನಮಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಈಗ ಗುಣಮುಖರಾಗುತ್ತಿದ್ದೇವೆ.

ಶಸ್ತ್ರಚಿಕಿತ್ಸೆಯ ವಿಷಯವನ್ನು ಜನರು ಕುತೂಹಲದಿಂದ ಕೇಳುತ್ತಾರೆ. ಆದರೆ ಅದರಲ್ಲಿ ನಾವು ಹೇಳುವಂಥದ್ದು ಏನೂ ಇಲ್ಲ, ಏಕೆಂದರೆ ನಾವು ಅಲ್ಲಿ ಎಚ್ಚರವಿರಲಿಲ್ಲ. ಅದು ಐದು ತಾಸಿನ ಕೆಲಸ. ಆಮೇಲಿನದು ಮೂರು ತಿಂಗಳ ಕೆಲಸ. ಅದನ್ನು ವೈದ್ಯರು ಮಾಡುವುದಿಲ್ಲ, ರೋಗಿಯೂ ಅವನ ಮನೆಯವರೂ ಮಾಡಬೇಕು. ಅದರ ಬಗ್ಗೆ ನಮಗೆ ಮುಂಚಿತವಾಗಿ ಹೇಳಿದವರು ಯಾರೂ ಇರಲಿಲ್ಲ. ನಮ್ಮ ಓದುಗರ ಮನೆಗಳಲ್ಲಿ ಅರವತ್ತು ದಾಟಿದ ಹಿರಿಯರು ಬಹಳ ಜನ ಇದ್ದಾರಾದ್ದರಿಂದ ಕಂಡದ್ದನ್ನು ಕಂಡಂತೆ ಬರೆಯುತ್ತೇವೆ.

ಮೊದಲು ಏನಾಯಿತೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಏರು ಹತ್ತುವಾಗ ಎದೆ ಬಿಗಿದಂತಾಗಿ, ನಿಂತರೆ ಸಡಿಲವಾಗುತ್ತಿತ್ತು. ಪರೀಕ್ಷೆಯಲ್ಲಿ ಹೃದಯದ ಮಾಂಸಕ್ಕೆ ರಕ್ತ ಒದಗಿಸುವ ಮೂರು ಧಮನಿಗಳೂ ಕಟ್ಟಿಕೊಂಡಿರುವುದು ತಿಳಿಯಿತು. ಅಂಥಲ್ಲಿ ಎದೆಯ ಮುಂಭಾಗದ ಎಲುಬನ್ನು ನಡುವೆ ಸೀಳಿ, ದೇಹದ ಬೇರೆಡೆಯಿಂದ ತೆಗೆದ ರಕ್ತನಾಳಗಳನ್ನು ಜೋಡಿಸಿ, ಕಟ್ಟಿದ ಜಾಗವನ್ನು ಬಳಸಿ ರಕ್ತ ಹರಿಯುವಂತೆ ಮಾಡುತ್ತಾರೆ. ಕಾಲುವೆ ಹೂಳು ತುಂಬಿದಾಗ ರೈತನು ಪಕ್ಕದಲ್ಲಿ ಹರಿ ತೋಡಿ ನೀರು ದಾಟಿಸಿದ ಹಾಗೆ. ನಮಗೆ ಒಂದು ನಾಳ ಎದೆಯ ಗೋಡೆಯ ಒಳಗಿನದು, ಎರಡು ಎಡಗಾಲಿನಿಂದ ತೆಗೆದವು. ಎದೆಯ ನಾಳವು ಬಹುಕಾಲ ಬಾಳುತ್ತದೆ, ಹತ್ತು ವರ್ಷಗಳ ಮೇಲೂ ನೂರಕ್ಕೆ ತೊಂಬತ್ತರಷ್ಟು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನ ನಾಳಗಳ ಬಾಳಿಕೆ ಅದಕ್ಕಿಂತ ಕಡಿಮೆ. ಸೀಳಿದ ಎಲುಬನ್ನು ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಆ ತಂತಿ ಎದೆಯಲ್ಲಿ ಜೀವಮಾನವಿಡೀ ಉಳಿಯುತ್ತದೆ.

ಈ ವಿದ್ಯೆಯ ಹಿಂದಿನವರನ್ನು ಕುರಿತು ಹಾಸಿಗೆಯಲ್ಲಿದ್ದಾಗ ಓದಿಸಿ ಕೇಳಿದೆವು. ಕಾಲಿನ ನಾಳವನ್ನು ಹೃದಯಕ್ಕೆ ಜೋಡಿಸುವ ಕ್ರಮವನ್ನು 1967ರಲ್ಲಿ ಅಮೆರಿಕೆಯ ಕ್ಲೀವ್‌ಲ್ಯಾಂಡ್ ನಗರದಲ್ಲಿ ನೆಲೆಗೊಳಿಸಿದವರು ರೆನೆ ಫಾವಲೊರೊ ಎಂಬವರು. ಅವರು ಅರ್ಜೆಂಟೀನ ದೇಶದವರು. ಅಲ್ಲಿಗೆ ಹೋಗುವ ಮೊದಲು ತಮ್ಮ ದೇಶದ ಒಂದು ಸಣ್ಣ ಹಳ್ಳಿಯಲ್ಲಿ ಹನ್ನೆರಡು ವರ್ಷ ಹಳ್ಳಿಯ ವೈದ್ಯರಾಗಿದ್ದರು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಹೊರಗೆ ನಿಂತು ಮಾಡುವ ಯಂತ್ರವನ್ನು ರೂಪಿಸಿದ ಜಾನ್ ಗಿಬ್ಬನ್ ಎಂಬವರು ಸುಮಾರು ಇಪ್ಪತ್ತು ವರ್ಷ ಅದರ ಮೇಲೆ ದುಡಿದರು, ಅವರ ಪತ್ನಿಯೂ ಜೊತೆಗೆ ದುಡಿದರು. 1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ ಆ ಯಂತ್ರವು ಹದಿನೆಂಟು ವರ್ಷದ ಹೆಣ್ಣುಮಗಳೊಬ್ಬಳ ಹೃದಯದ ಕೆಲಸವನ್ನು 26 ನಿಮಿಷ ಮಾಡಿತು. ಕಾಯಕವೆಂಬ ಮಾತನ್ನು ವೇದಿಕೆಗಳ ಮೇಲೆ ನಾವು ಎಷ್ಟೋ ಸಲ ಆಡಿದ್ದೇವೆ. ಆ ಗಂಡಹೆಂಡಿರ ಇಪ್ಪತ್ತು ವರ್ಷಗಳ ವೃತ್ತಾಂತವನ್ನು ಕೇಳುವಾಗ ಆ ಮಾತು ನಮ್ಮ ಎದೆಯೊಳಗಿನ ಹೊಲಿಗೆಯಾಗಿ ಕುಳಿತಿತ್ತು.

ಇನ್ನು ನಮ್ಮ ಮಠದ ಓದಿಗೆ ಸಂಬಂಧಿಸಿದ ಸಂಗತಿ. ಎಂಟನೆಯ ವಯಸ್ಸಿಗೆ ದೀಕ್ಷೆಯಾದಂದಿನಿಂದ ಇಷ್ಟಲಿಂಗವು ನಮ್ಮ ಎದೆಯನ್ನು ಅಗಲಿದ್ದಿಲ್ಲ. ಮಠದ ಪ್ರಸಾದನಿಲಯದಲ್ಲಿ ಬೆಳೆದ ಹುಡುಗರಿಗೆ ಲಿಂಗವನ್ನು ಅಗಲಿ ಒಂದು ತುತ್ತೂ ಉಣ್ಣಬಾರದೆಂಬ ಶಿಸ್ತು ರಕ್ತದಲ್ಲಿ ಸೇರಿರುತ್ತದೆ. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಕಾಗದಗಳಿಗೆ ಸಹಿ ಪಡೆಯಲು ಬಂದ ಕಿರಿಯ ವೈದ್ಯರು, ಉಂಗುರ, ಕನ್ನಡಕ, ಕಟ್ಟಿದ ಹಲ್ಲು ಎಲ್ಲವನ್ನೂ ತೆಗೆದಿಡಬೇಕೆಂದು ಹೇಳುತ್ತ ಅದೇ ಉಸಿರಿನಲ್ಲಿ, "ಇದನ್ನೂ ತೆಗೀಬೇಕಾಗ್ತದ ಸರ್" ಎಂದು ಕರಡಿಗೆಯ ಕಡೆಗೆ ಬೆರಳು ತೋರಿದರು. ಕಾರಣವನ್ನು ಕೇಳಿದೆವು. ಅವರು ಬೇಸರಿಸದೆ ವಿವರಿಸಿದರು. ಗದ್ದದಿಂದ ಕಾಲಿನ ಬೆರಳಿನವರೆಗೆ ಚರ್ಮಕ್ಕೆಲ್ಲ ಕ್ರಿಮಿನಾಶಕ ಬಳಿಯುತ್ತಾರೆ, ಅಲ್ಲಿ ದಾರವೂ ಇರಕೂಡದು. ರಕ್ತ ಸೋರುವುದನ್ನು ವಿದ್ಯುತ್ತಿನ ಉಪಕರಣದಿಂದ ಸುಟ್ಟು ನಿಲ್ಲಿಸುತ್ತಾರೆ, ಮೈಮೇಲೆ ಬೆಳ್ಳಿಯ ಕರಡಿಗೆ ಇದ್ದರೆ ಅದು ತಾಗಿದಲ್ಲಿ ಮೈ ಸುಡಬಹುದು. ಮೇಲಾಗಿ ಸೀಳಬೇಕಾದ ಜಾಗ ಕರಡಿಗೆ ತೂಗುವ ಜಾಗವೇ ಆಗಿದೆ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಸಾವಿನ ಭಯವೆಂದು ಹೇಳಿದರೆ ಅದು ಪೂರ್ತಿ ನಿಜವಾಗದು. ಹೋಗುವುದಾದರೆ ಲಿಂಗವಿಲ್ಲದ ಎದೆಯೊಡನೆ ಹೋಗಬೇಕಾದೀತಲ್ಲ ಎಂಬುದೊಂದೇ ಚಿಂತೆ ಬೆಳಗಿನವರೆಗೂ ಕೊರೆಯಿತು. ಬೆಳಗಿನ ಐದು ಗಂಟೆಗೆ ನಮ್ಮ ಮನೆಯವರು ತಾವಾಗಿಯೇ ಮುಂದೆ ಬಂದು, "ನನ್ನ ಕಡೆ ಕೊಡ್ರಿ. ನನ್ನ ಲಿಂಗದ ಮಗ್ಗಲದಾಗ ಇರ್ತದ. ಎಚ್ಚರಾದ ಕೂಡಲೆ ಕೈಯಾಗ ಇಡ್ತೀನಿ" ಎಂದರು. ಶಿವದಾರವನ್ನು ತೆಗೆದು ಅವರ ಕೊರಳಿಗೆ ಹಾಕಿದೆವು. ನಲವತ್ತು ವರ್ಷಗಳ ಸಂಸಾರದಲ್ಲಿ ಅವರಿಗೆ ನಾವು ಇಷ್ಟು ದೊಡ್ಡದನ್ನು ಒಪ್ಪಿಸಿದ್ದು ಅದೇ ಮೊದಲು.

ಎಚ್ಚರವಾದಾಗ ತೀವ್ರ ನಿಗಾ ಘಟಕದ ಬೆಳಕು ಹಗಲೋ ಇರುಳೋ ತಿಳಿಯದಂತಿತ್ತು. ಗಂಟಲಿನಲ್ಲಿ ಕೊಳವೆಯಿದ್ದುದರಿಂದ ಮಾತು ಹೊರಡದು. ಮರುದಿನ ಕೊಳವೆ ತೆಗೆದ ಮೇಲೆ ಮನೆಯವರನ್ನು ಐದು ನಿಮಿಷ ಒಳಗೆ ಬಿಟ್ಟರು. ಲಿಂಗವನ್ನು ಹಿಡಿಯಬೇಕಾದ ಎಡ ಅಂಗೈಯ ಮಣಿಕಟ್ಟಿನಲ್ಲಿ ಸೂಜಿ, ಪಟ್ಟಿ, ತಂತಿಗಳು. ಹೀಗಾಗಿ ಬಲಗೈಯಲ್ಲಿಟ್ಟರು. ಕೇರಳದ ಕಡೆಯ ದಾದಿಯೊಬ್ಬರು ಪಕ್ಕದಲ್ಲಿ ನಿಂತು ನೋಡಿ, ತಮಗೆ ಬರುವಷ್ಟು ಕನ್ನಡದಲ್ಲಿ, "ಅಪ್ಪಾಜಿ, ಪ್ರಾರ್ಥನೆ ಮಾಡಿ, ಆಮೇಲೆ ಕೆಮ್ಮಬೇಕು" ಎಂದರು.

ಕೆಮ್ಮು ಎಂಬುದು ಇಂಥ ರೋಗಿಯ ಪಾಲಿಗೆ ಒಂದು ದೊಡ್ಡ ವ್ರತವೇ ಸರಿ. ಕೆಮ್ಮದಿದ್ದರೆ ಶ್ವಾಸಕೋಶದಲ್ಲಿ ಕಫ ನಿಂತು ಜ್ವರ ಬರುತ್ತದೆ. ಕೆಮ್ಮಿದರೆ ಎದೆ ಮತ್ತೊಮ್ಮೆ ಸೀಳಿದಂತಾಗುತ್ತದೆ. ದಿಂಬನ್ನು ಎದೆಗೆ ಅವಚಿ ಹಿಡಿದು ಕೆಮ್ಮಲು ಕಲಿಸುತ್ತಾರೆ. ಮೂರು ಚೆಂಡುಗಳ ಒಂದು ಸಣ್ಣ ಸಾಧನವನ್ನು ಕೊಟ್ಟು, ಕೊಳವೆಯಿಂದ ಉಸಿರನ್ನು ಒಳಗೆಳೆದು ಚೆಂಡುಗಳನ್ನು ಮೇಲೇರಿಸಬೇಕೆಂದು ಹೇಳುತ್ತಾರೆ. ಮೊದಲ ದಿನ ಒಂದು ಚೆಂಡು ಅಲುಗಾಡಿತು, ಅಷ್ಟೆ. ಪ್ರಾಣಾಯಾಮದ ಮೇಲೆ ನಾವು ಹಿಂದೆ ಇದೇ ಪತ್ರಿಕೆಯಲ್ಲಿ ಬರೆದಿದ್ದ ದೀರ್ಘ ಲೇಖನ ಆಗ ನೆನಪಿಗೆ ಬಂತು. ಮೂರನೆಯ ರಾತ್ರಿ ಹೃದಯವು ತಾಳ ತಪ್ಪಿ ಓಡತೊಡಗಿತು. ದಾದಿಯರು ಓಡಿಬಂದು ಔಷಧವನ್ನು ನರದೊಳಗೆ ಹರಿಯಬಿಟ್ಟರು, ಬೆಳಗಾಗುವುದರೊಳಗೆ ನೆಟ್ಟಗಾಯಿತು. ಇದು ಈ ಶಸ್ತ್ರಚಿಕಿತ್ಸೆಯ ನಂತರ ಮೂರು-ನಾಲ್ಕು ಜನರಲ್ಲಿ ಒಬ್ಬರಿಗೆ ಆಗುವಂಥದ್ದೆಂದು ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಹೊರಗೆ ಕುಳಿತವರ ಪ್ರಾಣ ಅಷ್ಟು ಹಾರುತ್ತಿರಲಿಲ್ಲ.

ಸೆಪ್ಟೆಂಬರ್ 4ಕ್ಕೆ ಧಾರವಾಡದ ಮನೆಗೆ ಬಂದೆವು. ಮೂರು ದಿನಕ್ಕೆ ಗಣೇಶ ಚತುರ್ಥಿ. ನಮ್ಮ ಓಣಿಯ ಹುಡುಗರು ನಮ್ಮ ಸ್ಥಿತಿಯನ್ನು ತಿಳಿದು ಧ್ವನಿವರ್ಧಕದ ಮುಖವನ್ನು ಆಚೆ ಓಣಿಯ ಕಡೆಗೆ ತಿರುಗಿಸಿಟ್ಟರು. ಆಚೆ ಓಣಿಯಲ್ಲಿ ರೋಗಿಗಳು ಯಾರೂ ಇರಲಿಲ್ಲವೆಂದು ನಂಬಿದ್ದೇವೆ.

ಮನೆಯ ದಿನಚರಿಯೆಲ್ಲ ಬದಲಾಯಿತು. ಎಲುಬು ಕೂಡಲು ಆರರಿಂದ ಹನ್ನೆರಡು ವಾರಗಳು ಬೇಕು. ಅಲ್ಲಿಯವರೆಗೆ ಎರಡು-ಮೂರು ಕಿಲೋ ಭಾರಕ್ಕಿಂತ ಹೆಚ್ಚಿನದನ್ನು ಎತ್ತಕೂಡದು. ಹಾಗೆಂದರೆ ತುಂಬಿದ ಕೊಡ ದೂರವಿರಲಿ, ನೀರಿನ ಬಕೀಟನ್ನೂ ಎತ್ತುವಂತಿಲ್ಲ. ಹಾಸಿಗೆಯಿಂದ ಏಳುವಾಗ ಕೈಯೂರಿ ಏಳಬಾರದು, ಮಗ್ಗುಲಾಗಿ ಹೊರಳಿ ಕಾಲು ಇಳಿಬಿಟ್ಟು ಏಳಬೇಕು. ಅಂಗಾತವೇ ಮಲಗಬೇಕು. ಅರವತ್ತಾರು ವರ್ಷ ಬಲಮಗ್ಗುಲಿಗೆ ಮಲಗಿದವನಿಗೆ ಇದು ಎದೆಯ ಗಾಯಕ್ಕಿಂತ ಕಠಿಣ. ಕಾಲಿನಿಂದ ನಾಳ ತೆಗೆದ ಜಾಗ ಊದಿಕೊಂಡು, ಎದೆಗಿಂತ ಅದೇ ಹೆಚ್ಚು ನೋಯುತ್ತಿತ್ತು. ಕುಳಿತಾಗಲೆಲ್ಲ ಕಾಲನ್ನು ಎತ್ತರಕ್ಕೆ ಚಾಚಿಡಬೇಕು, ಬಿಗಿಯಾದ ಕಾಲುಚೀಲ ಹಾಕಿರಬೇಕು. ಹಿರಿಯರ ಮುಂದೆ ಕಾಲು ಚಾಚಬಾರದೆಂದು ಕಲಿತವರು ನಾವು. ನೋಡಲು ಬಂದ ಎಂಬತ್ತರ ಹಿರಿಯರ ಮುಂದೆ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕುಳಿತೆವು.

ನಾಲಿಗೆಗೆ ರುಚಿ ಇಲ್ಲದಾಯಿತು. ಯಾವುದನ್ನು ಉಂಡರೂ ತಗಡು ನೆಕ್ಕಿದಂತೆ. ದಿನಕ್ಕೆ ಎಲ್ಲ ಸೇರಿ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು ಎಂದು ವೈದ್ಯರ ಅಪ್ಪಣೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಡಬ್ಬಿಗಳು ಅಟ್ಟ ಸೇರಿದವು. ರೊಟ್ಟಿ ನುಂಗಲಾಗದ ಮೊದಲ ಎರಡು ವಾರ ಜೋಳದ ನುಚ್ಚು, ಮಜ್ಜಿಗೆ, ಹೆಸರುಬೇಳೆಯ ತಿಳಿ, ಇವುಗಳ ಮೇಲೆ ನಡೆಯಿತು. ಮೊದಲು ತೆಳುವಾದ ಬಿಸಿರೊಟ್ಟಿಯ ಅರ್ಧವನ್ನು ಉಂಡ ದಿನ ಮನೆಯವರು ಅದನ್ನು ಮಗನಿಗೆ ಫೋನು ಮಾಡಿ ತಿಳಿಸಿದರು. ಅವನು ಪರದೇಶದಲ್ಲಿಲ್ಲ, ಬೆಂಗಳೂರಿನಲ್ಲಿದ್ದಾನೆ; ರಜೆ ಮುಗಿದು ಮರಳಿದ್ದ.

ಪೂಜೆಯ ವಿಷಯ. ಗಾಯ ಪೂರ್ತಿ ಮಾಯುವವರೆಗೆ ಎದೆಯ ಮೇಲೆ ಏನೂ ತೂಗಿ ಉಜ್ಜಬಾರದೆಂದು ವೈದ್ಯರು ಹೇಳಿದ್ದರಿಂದ ಕರಡಿಗೆಯನ್ನು ಪೂಜೆಯ ಮಾಡದಲ್ಲಿಟ್ಟು, ಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಕಟ್ಟಿ ಬಲತೋಳಿಗೆ ಧರಿಸಿದೆವು. ನೆಲದ ಮೇಲೆ ಪದ್ಮಾಸನ ಹಾಕಲಾಗದು, ಕುರ್ಚಿಯ ಮೇಲೆ ಕುಳಿತೆವು. ವಿಭೂತಿಯನ್ನು ಹಣೆಗೆ ಧರಿಸಿದೆವು. ಎದೆಯ ಗಾಯದ ಮೇಲೆ ಮಾತ್ರ ಧರಿಸಲಿಲ್ಲ. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಹಸಿ ಗಾಯಕ್ಕೆ ವಿಭೂತಿ, ಅರಿಶಿಣ, ಕೊಬ್ಬರಿ ಎಣ್ಣೆ ಹಚ್ಚಲು ಹೇಳುವ ಹಿತೈಷಿಗಳು ಎಲ್ಲ ಮನೆಗಳಿಗೂ ಬರುತ್ತಾರೆ. ಗಾಯದ ಕೆಳಗೆ ಕೀವಾದರೆ ಅದು ಎಲುಬಿಗೆ ಇಳಿದು ಎದೆಯನ್ನು ಮತ್ತೆ ತೆರೆಯಬೇಕಾಗುತ್ತದೆ. ಸಾಬೂನು, ನೀರು, ಒಣಗಿದ ಶುದ್ಧ ಬಟ್ಟೆ, ಇಷ್ಟೇ ಸಾಕು. ಪಾದೋದಕಕ್ಕೂ ಮನೆಯವರು ಕಾಸಿ ಆರಿಸಿದ ನೀರನ್ನೇ ಬಳಸಿದರು.

ಹಿತೈಷಿಗಳ ಮಾತು ಬಂದ ಮೇಲೆ ಅದನ್ನು ಪೂರ್ತಿ ಹೇಳಿಬಿಡುವುದು ಒಳ್ಳೆಯದು. ರೋಗಿಯನ್ನು ನೋಡಲು ಹೋಗುವುದು ನಮ್ಮ ಸಮಾಜದ ಸದ್ಗುಣಗಳಲ್ಲಿ ಒಂದು, ಅದರಲ್ಲಿ ಸಂದೇಹವಿಲ್ಲ. ಆದರೆ ಮೊದಲ ಹದಿನೈದು ದಿನಗಳಲ್ಲಿ ನಮ್ಮ ಮನೆಗೆ ಬಂದವರ ಲೆಕ್ಕವನ್ನು ಮನೆಯವರು ಚಹಾದ ಕಪ್ಪುಗಳಿಂದ ಹಿಡಿದಿದ್ದಾರೆ. ಅದು ನೂರನ್ನು ದಾಟುತ್ತದೆ. ಬಂದವರಲ್ಲಿ ಹೆಚ್ಚಿನವರು ಬಾಳೆಹಣ್ಣು, ಎಳನೀರು, ಪೇಢೆ ತಂದರು. ಎಲ್ಲರೂ ತಮಗೆ ತಿಳಿದ ಒಬ್ಬ ಬೈಪಾಸ್ ರೋಗಿಯ ಕಥೆ ತಂದರು. ಆ ರೋಗಿ ಕಥೆಯ ಕೊನೆಗೆ ಬದುಕಿರುತ್ತಿದ್ದುದು ಅಪರೂಪ. ಒಬ್ಬ ಮಹನೀಯರು ಮಾತ್ರೆಗಳನ್ನೆಲ್ಲ ಬಿಟ್ಟು ಮತ್ತಿಯ ಚಕ್ಕೆಯ ಕಷಾಯವೊಂದನ್ನೇ ಕುಡಿಯಲು ಹೇಳಿ, ಚಕ್ಕೆಯ ಗಂಟನ್ನೂ ಇಟ್ಟು ಹೋದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಹೊಸದಾಗಿ ಜೋಡಿಸಿದ ನಾಳವೇ ಕಟ್ಟಿಕೊಳ್ಳಬಹುದು. ಆಯುರ್ವೇದದಲ್ಲಿ ನಮಗೆ ಗೌರವವಿದೆ, ಮಠದಲ್ಲಿ ಅದರ ಗ್ರಂಥಗಳನ್ನೂ ಓದಿದ್ದೇವೆ. ಆದರೆ ಹೊಲಿದವನ ಮಾತನ್ನು ಹೊಲಿಗೆ ಮಾಯುವವರೆಗಾದರೂ ಕೇಳಬೇಕು. ನೋಡಲು ಹೋಗುವವರು ನೆಗಡಿ ಕೆಮ್ಮು ಇದ್ದರೆ ಹೋಗದಿರಲಿ, ಹತ್ತು ನಿಮಿಷಕ್ಕೆ ಏಳಲಿ. ಆ ಮನೆಯ ತಾಯಿಗೆ ಒಂದು ಹೊತ್ತಿನ ರೊಟ್ಟಿ ಪಲ್ಯ ಮಾಡಿ ಕಳುಹಿಸಿದರೆ ಅದೇ ದಾಸೋಹ. ನಮ್ಮ ಎದುರು ಮನೆಯ ತಾಯಿ ಒಂದು ತಿಂಗಳು ದಿನವೂ ಸಂಜೆ ಬಂದು ನೀರು ತುಂಬಿಕೊಟ್ಟರು. ನಮ್ಮ ಆರೋಗ್ಯದ ಬಗ್ಗೆ ಅವರು ಒಂದು ಮಾತನ್ನೂ ಕೇಳಲಿಲ್ಲ.

ಬಂದವರಲ್ಲಿ ಒಬ್ಬ ಹಿರಿಯರು ಎಲ್ಲರೂ ಎದ್ದುಹೋದ ಮೇಲೆ ಕುಳಿತು, ದನಿ ತಗ್ಗಿಸಿ, "ಲಿಂಗ ಅಗಲಿತ್ತಲ್ಲ, ಅದಕ್ಕೆ ಏನು ವ್ಯವಸ್ಥಾ ಮಾಡೀರಿ? ಒಂದು ಅಂಗದ ಮ್ಯಾಲ ಎರಡು ಲಿಂಗ ಇದ್ದುವಂತ, ಅದೂ ಸರಿಯಲ್ಲ" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾದ ಕಳವಳವಿತ್ತು. ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಮುಳ್ಳು ಅದು. ಮನೆಯವರು ಧರಿಸಿದ್ದು ತಮ್ಮ ಲಿಂಗವನ್ನು, ನಮ್ಮದನ್ನು ಕಾಯ್ದರು, ಧಾರಣೆ ಬೇರೆ, ಕಾಪು ಬೇರೆ ಎಂದು ನಾವು ಉತ್ತರಿಸಿದೆವು. ಉತ್ತರ ಶಾಸ್ತ್ರಕ್ಕೆ ಸರಿಹೊಂದುತ್ತಿತ್ತು, ಆದರೂ ನೆಮ್ಮದಿಯಾಗಲಿಲ್ಲ. ನಾವು ಕಲಿತ ಮಠದ ಹಿರಿಯ ಸ್ವಾಮಿಗಳಿಗೆ ದೂರವಾಣಿ ಮಾಡಿ ಇದ್ದುದನ್ನೆಲ್ಲ ನಿವೇದಿಸಿದೆವು. ಅವರು ನಡುವೆ ತಡೆಯದೆ ಕೇಳಿ, "ಎಚ್ಚರಿಲ್ಲದವನ ಲಿಂಗವನ್ನ ಎಚ್ಚರಿದ್ದವರು ಕಾಯ್ದರ ಅದು ಅಗಲಿಕಿ ಹೆಂಗಾಗ್ತದ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಗುಳಿಗಿ ಬರೋಬ್ಬರಿ ತಗೋಳಾಕತ್ತೀಯಿಲ್ಲೋ?" ಎಂದರು. ಅರವತ್ತಾರರ ನಮ್ಮನ್ನು ಏಕವಚನದಿಂದ ಕರೆಯುವವರು ಈಗ ಅವರೊಬ್ಬರೇ ಉಳಿದಿದ್ದಾರೆ.

ಇನ್ನೊಂದು ಸಂಗತಿಯನ್ನು ನಾವು ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ ಸಹ. ಮನೆಗೆ ಬಂದ ಮೂರನೆಯ ಬೆಳಗ್ಗೆ ಪೂಜೆಯಲ್ಲಿ, ನಿತ್ಯವೂ ಹೇಳಿಕೊಳ್ಳುವ ವಚನಗಳ ನಡುವೆ ಮುಂದಿನದರ ಮೊದಲ ಶಬ್ದ ಬರಲಿಲ್ಲ. ಐವತ್ತೆಂಟು ವರ್ಷಗಳಿಂದ ಬಾಯಲ್ಲಿರುವುದು. ಮಠದಲ್ಲಿ ಬೆಳಗಿನ ನಾಲ್ಕಕ್ಕೆ ತಣ್ಣೀರಿನಲ್ಲಿ ಮಿಂದು, ಕಂದೀಲಿನ ಸುತ್ತ ಕುಳಿತು ಕಂಠಪಾಠ ಮಾಡಿದ್ದು. ಅಲ್ಲಿ ಒಂದು ಖಾಲಿ ಜಾಗವಿತ್ತು, ಅಷ್ಟೆ. ನಮ್ಮನ್ನು ನಾವೇ ಪರೀಕ್ಷಿಸಿಕೊಂಡೆವು. ಶೂನ್ಯಸಂಪಾದನೆಯ ನಾಲ್ವರು ಸಂಪಾದಕರ ಹೆಸರುಗಳನ್ನು ಕ್ರಮವಾಗಿ ಹೇಳಲು ನೋಡಿದೆವು. ಶಿವಗಣಪ್ರಸಾದಿ ಮಹಾದೇವಯ್ಯ ಬಂದರು. ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಬಂದರು. ಎರಡನೆಯವರು ಬರಲಿಲ್ಲ. ಮೇಜಿನ ಮೇಲೆ ಅದೇ ಗ್ರಂಥದ ಮೇಲಿನ ನಮ್ಮ ಉಪನ್ಯಾಸಗಳ ಕರಡಚ್ಚು ತಿದ್ದುವುದಕ್ಕಾಗಿ ಕಾಯುತ್ತಿತ್ತು. ಎದ್ದು ಹೋಗಿ ಪುಟ ತೆರೆದರೆ ಹೆಸರು ಸಿಗುತ್ತಿತ್ತು. ತೆರೆಯಲಿಲ್ಲ. ಎರಡು ದಿನ ಹಾಗೆಯೇ ಕಳೆದವು. ಹೊಲ, ಮನೆ, ಬಂಗಾರ ಕೂಡಿಡದವನ ಆಸ್ತಿಯೆಂದರೆ ಅವನು ಬಾಯಲ್ಲಿ ಇಟ್ಟುಕೊಂಡದ್ದು. ಅದನ್ನೂ ಆ ಯಂತ್ರದ ಬಳಿಯೇ ಬಿಟ್ಟು ಬಂದೆವೇ ಎಂದು ರಾತ್ರಿ ಅಂಗಾತ ಮಲಗಿ ಜಂತಿಯನ್ನು ನೋಡುತ್ತ ಯೋಚಿಸಿದ್ದುಂಟು. ಕಾರಣವಿಲ್ಲದೆ ಕಣ್ಣು ತುಂಬುತ್ತಿತ್ತು. ಮನೆಯವರ ಮೇಲೆ ಸಣ್ಣ ಮಾತಿಗೆ ಸಿಡುಕುವುದೂ ಆಯಿತು. ಮೂರನೆಯ ದಿನ ಕ್ಷೌರಿಕನು ಮನೆಗೆ ಬಂದು ಗಡ್ಡ ಕೆರೆಯುತ್ತಿದ್ದಾಗ, ಸಾಬೂನಿನ ನೊರೆಯ ನಡುವೆ, ಹಲಗೆಯಾರ್ಯರು ತಾವಾಗಿಯೇ ಬಂದು ನಿಂತರು. ನಾವು ಗಟ್ಟಿಯಾಗಿ ಆ ಹೆಸರನ್ನು ಹೇಳಿದ್ದರಿಂದ ಆತ ಬೆಚ್ಚಿ ಕತ್ತಿಯನ್ನು ಹಿಂದೆ ತೆಗೆದ.

ಮುಂದಿನ ಭೇಟಿಯಲ್ಲಿ ಇದನ್ನು ವೈದ್ಯರಿಗೆ ಹೇಳಿದೆವು. ಅವರು ಆಶ್ಚರ್ಯಪಡಲಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಅನೇಕರಿಗೆ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ನೆನಪು ಮಸುಕಾಗುತ್ತದೆ, ಮನಸ್ಸು ಕುಗ್ಗುತ್ತದೆ. ಅರಿವಳಿಕೆ, ಯಂತ್ರ, ನಿದ್ರೆಗೇಡು, ಮೊದಲೇ ಇರುವ ರಕ್ತನಾಳದ ದೋಷ ಹೀಗೆ ಹಲವು ಕಾರಣಗಳಿರಬಹುದು. ಬಹುಪಾಲು ಜನರಲ್ಲಿ ತಿಳಿಯಾಗುತ್ತದೆ, ಆಗದಿದ್ದರೆ ಬಂದು ಹೇಳಬೇಕು ಎಂದರು. ಹಾಗಾದರೆ ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿ ಉಪ್ಪು, ಎಣ್ಣೆ, ಮೆಟ್ಟಿಲುಗಳ ಬಗ್ಗೆ ಇದ್ದ ಮೂವತ್ತು ಸಾಲುಗಳಲ್ಲಿ ಇದಕ್ಕೆ ಒಂದು ಸಾಲು ಇರಬಾರದಿತ್ತೇ? ಕುಟುಂಬದವರು ಇದನ್ನು ತಿಳಿದಿರಬೇಕು. ಬೈಪಾಸ್ ಆದ ಮನೆಯ ಯಜಮಾನರು ಮೌನವಾಗಿ ಕುಳಿತಿದ್ದರೆ ಅದು ವೈರಾಗ್ಯವೆಂದು ತಿಳಿದು ಸುಮ್ಮನಾಗಬೇಡಿ.

ಆಸ್ಪತ್ರೆಗೆ ಹೋಗಿ ಬರುವುದೇ ಒಂದು ಪ್ರತ್ಯೇಕ ಜೀವನ. ಹೆಸರು ಹಚ್ಚುವ ಕಿಟಕಿ, ಚೀಟಿ, ರಕ್ತದ ಕೋಣೆ, ಎಕ್ಸ್‌ರೇ, ಇಸಿಜಿ, ಮತ್ತೆ ಮೊದಲ ಕಿಟಕಿ. ಎರಡನೆಯ ವಾರ ಹೊಲಿಗೆ ತೆಗೆಸಲು ಹೋದಾಗ ನಮ್ಮ ಕಡತ ಕಾಣೆಯಾಗಿ ನಾಲ್ಕು ತಾಸು ಕುಳಿತೆವು. ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ಬೆಳಗಿನಿಂದ ಉಪವಾಸ ಬಂದಿದ್ದ ಸಕ್ಕರೆ ರೋಗದ ಮುದುಕಿಯೊಬ್ಬರು ಹನ್ನೊಂದರವರೆಗೆ ಕಾದು ಬೆವರುತ್ತಿದ್ದರೂ ಕಿಟಕಿಯ ಆಚೆಯವರು ತಲೆಯೆತ್ತಲಿಲ್ಲ. ಅದೇ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ನಿಂತ ಹೃದಯವನ್ನು ಮತ್ತೆ ನಡೆಸುವ ಕೈಗಳಿವೆ, ಕೆಳಗಿನ ಅಂತಸ್ತಿನಲ್ಲಿ ಕಡತ ಹುಡುಕುವ ಕೈಗಳಿಲ್ಲ.

ಆ ನಾಲ್ಕು ತಾಸುಗಳಲ್ಲಿಯೇ ನರಗುಂದದ ಕಡೆಯ ರೈತ ದಂಪತಿಗಳ ಪರಿಚಯವಾಯಿತು. ಯಜಮಾನರಿಗೆ ಐವತ್ತೈದರ ಆಸುಪಾಸು. ರೈತರ ಸಹಕಾರಿ ಸಂಘಗಳ ಮೂಲಕ 2003ರಲ್ಲಿ ಆರಂಭವಾಗಿ, ನಡುವೆ ನಿಂತು, ಮತ್ತೆ 2022ರಲ್ಲಿ ಚಾಲನೆ ಪಡೆದ ಯಶಸ್ವಿನಿ ಯೋಜನೆಯ ಕಾರ್ಡು ಅವರ ಬಳಿ ಇತ್ತು, ಹಾಗಾಗಿ ಹಣದ ಚಿಂತೆ ಹೆಚ್ಚಿರಲಿಲ್ಲ. ಶಸ್ತ್ರಚಿಕಿತ್ಸೆಗೆ ದಿನವೂ ಗೊತ್ತಾಗಿತ್ತು. ಆದರೆ ಅವರು ಬೇಡವೆಂದು ಕುಳಿತಿದ್ದರು. ನಮ್ಮ ಹಣೆಯ ವಿಭೂತಿಯನ್ನು ನೋಡಿ ಹತ್ತಿರ ಸರಿದು, "ನಿಮದೂ ತೆಗಿಸಿದ್ರೇನ್ರಿ ಗುರುಗಳ?" ಎಂದು ತಮ್ಮ ಎದೆಯ ಕರಡಿಗೆಯನ್ನು ಮುಟ್ಟಿ ತೋರಿಸಿದರು.

"ತೆಗೆಸಿದರು" ಎಂದೆವು.

"ಲಿಂಗ ತೆಗದ ಮ್ಯಾಲ ಉಳದರೇನು, ಹ್ವಾದರೇನ್ರಿ? ಊರಾಗ ನಮ್ಮಪ್ಪ ಹಾವು ಕಡದು ಸಾಯುವಾಗನೂ ಕೈಯಾಗ ಹಿಡಕೊಂಡಿದ್ದ."

ಪಕ್ಕದಲ್ಲಿ ಅವರ ಹೆಂಡತಿ ಸೆರಗಿನ ಅಂಚನ್ನು ಹಿಡಿದು ನೆಲ ನೋಡುತ್ತಿದ್ದರು. ನಾವು ಅಂಗಿಯ ತೋಳು ಸರಿಸಿ ಬಲತೋಳಿನ ವಸ್ತ್ರವನ್ನು ತೋರಿಸಿದೆವು. ಆ ಬೆಳಗ್ಗೆ ಮನೆಯವರು ಹೇಗೆ ಕಾಯ್ದರೆಂಬುದನ್ನೂ, ಸ್ವಾಮಿಗಳು ಆಡಿದ ಮಾತನ್ನೂ ಹೇಳಿದೆವು. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವ ಮುನ್ನ, 2018ರ ಡಿಸೆಂಬರಿನಲ್ಲಿ, ನೂರಾಹನ್ನೊಂದರ ವಯಸ್ಸಿನಲ್ಲಿ ಚೆನ್ನೈಗೆ ಹೋಗಿ ಶಸ್ತ್ರಚಿಕಿತ್ಸೆಗೆ ಒಳಗಾದುದನ್ನು ನೆನಪಿಸಿದೆವು. ಸಿದ್ಧಗಂಗೆಯ ಹೆಸರು ಕೇಳಿ ರೈತರು ಕೈ ಜೋಡಿಸಿದರು, ಆದರೆ ತಲೆಯಾಡಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ಹೆಣಮಗಳ ಕೊರಳಾಗ ನನ್ನ ಲಿಂಗ ಇರಬಹುದೇನ್ರಿ?" ಎಂದರು.

ನಾವು ಉತ್ತರಿಸುವ ಮೊದಲೇ ಆ ತಾಯಿ ಮೊದಲ ಬಾರಿಗೆ ಬಾಯಿ ತೆರೆದು, "ಯಾಕ, ನನ್ನ ಕೊರಳಾಗ ಇರೋದು ಕಲ್ಲೇನು?" ಎಂದರು.

ಹನ್ನೆರಡನೆಯ ಶತಮಾನದಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ದೀಕ್ಷೆ, ಒಂದೇ ಲಿಂಗವೆಂದು ಶರಣರು ಸ್ಥಾಪಿಸಿದ್ದನ್ನು ಕುರಿತು ನಾವು ಮಾಡಿದ ಉಪನ್ಯಾಸಗಳು ಎಷ್ಟೋ. ಆ ತಾಯಿಯ ಮಾತಿನ ಮುಂದೆ ಅವು ಯಾವುವೂ ಬೇಕಾಗಲಿಲ್ಲ. ರೈತರು ಏನೂ ಹೇಳದೆ ಕುಳಿತರು. ಅಷ್ಟರಲ್ಲಿ ನಮ್ಮ ಕಡತ ಸಿಕ್ಕಿ ಹೆಸರು ಕೂಗಿದರು. ಹೊರಗೆ ಬಂದಾಗ ಅವರಿಬ್ಬರೂ ಅಲ್ಲಿರಲಿಲ್ಲ.

ಅಕ್ಟೋಬರ್ 8ಕ್ಕೆ ಆರು ವಾರಗಳು ತುಂಬಿ ಮತ್ತೆ ಹೋಗಬೇಕಾಯಿತು. ಆ ಹೊತ್ತಿಗೆ ದಿನಕ್ಕೆ ಎರಡು ಸಲ ಅರ್ಧ ಅರ್ಧ ತಾಸು ಬಯಲಿನಲ್ಲಿ ನಡೆಯುವಷ್ಟಾಗಿತ್ತು. ಮೊದಲ ವಾರ ಅಂಗಳದಲ್ಲಿ ಐದು ನಿಮಿಷದಿಂದ ಆರಂಭಿಸಿದ್ದು. ಧಾರವಾಡದಿಂದ ಹುಬ್ಬಳ್ಳಿಗೆ ಕಾರು ಬೇಡವೆಂದು ಚಿಗರಿ ಬಸ್ಸಿನಲ್ಲಿ ಕುಳಿತು ಹೋದೆವು. ನಿಲ್ದಾಣದ ವೇದಿಕೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಹತ್ತುವ ಶ್ರಮವಿಲ್ಲ. ಎಕ್ಸ್‌ರೇಯಲ್ಲಿ ಎಲುಬು ಕೂಡುತ್ತಿತ್ತು. ಎಕೊ ಪರೀಕ್ಷೆಗೆ ಮೂರನೆಯ ಅಂತಸ್ತಿಗೆ ಕಳುಹಿಸಿದರು. ಅಲ್ಲಿ, ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗಿನ ಬೆಂಚಿನ ಮೇಲೆ, ಗೋಡೆಗೆ ಒರಗಿ ಆ ತಾಯಿ ಕುಳಿತಿದ್ದರು. ಕೊರಳಲ್ಲಿ ಎರಡು ಶಿವದಾರಗಳಿದ್ದವು. ಎರಡು ಕರಡಿಗೆಗಳನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಿದ್ದರು. ನಮ್ಮನ್ನು ನೋಡಿ ಏಳಲು ಹೋದರು, ಕೈಸನ್ನೆಯಿಂದ ಕೂರಿಸಿದೆವು. ನಮ್ಮ ಮನೆಯವರು ಹೋಗಿ ಅವರ ಪಕ್ಕದಲ್ಲಿ ಕುಳಿತರು. ಎಕೊ ಮುಗಿಸಿ ಬಂದರೂ ಏಳಲಿಲ್ಲ. "ಡಾಕ್ಟರು ಹೊರಗ ಬಂದು ಹೇಳೂತನಕ ಇರೋಣು" ಎಂದರು. ಮಧ್ಯಾಹ್ನ ಎರಡೂವರೆಗೆ ಹೊರಗೆ ಬಂದು ಹೇಳಿದರು. ಆಮೇಲೆ ನಾವು ಮೂವರೂ ಕ್ಯಾಂಟೀನಿಗೆ ಹೋಗಿ, ಉಪ್ಪು ಕಡಿಮೆ ಇಲ್ಲದ ಉಪ್ಪಿಟ್ಟು ತಿಂದೆವು.

ಮೂರು ತಿಂಗಳ ಪರೀಕ್ಷೆ ನವೆಂಬರ್ ಕೊನೆಗೆ ಮುಗಿಯಿತು. ಕರಡಿಗೆ ಎದೆಗೆ ಮರಳಿದೆ. ಅದರ ಕೆಳಗೆ ಗಾಯದ ಗೆರೆ ತುರಿಸುತ್ತದೆ, ಚಳಿಗೆ ಬಿಗಿಯುತ್ತದೆ. ನೆಲದ ಮೇಲೆ ಕೂರಲು ಅಪ್ಪಣೆಯಾಗಿದೆ, ಏಳುವಾಗ ಮಾತ್ರ ಯಾರಾದರೂ ಕೈ ಕೊಡಬೇಕು. ಕರಡಚ್ಚಿನ ಅರವತ್ತು ಪುಟಗಳನ್ನು ತಿದ್ದಿದ್ದೇವೆ. ಹಿಂದೆ ಒಂದು ವಾರಕ್ಕೆ ಮಾಡುತ್ತಿದ್ದ ಕೆಲಸಕ್ಕೆ ಈಗ ಮೂರು ವಾರ ಹಿಡಿಯಿತು. ಹೆಸರುಗಳು ಈಗಲೂ ಒಮ್ಮೊಮ್ಮೆ ತಡವಾಗಿ ಬರುತ್ತವೆ.

ಭಾನುವಾರದ ಶೂನ್ಯಸಂಪಾದನೆಯ ಪಾಠವನ್ನು 2025ರ ಮಕರ ಸಂಕ್ರಾಂತಿಯ ನಂತರದ ಮೊದಲ ಭಾನುವಾರದಿಂದ, ಸಂಜೆ ನಾಲ್ಕಕ್ಕೆ, ನಮ್ಮ ಮನೆಯ ಪಡಸಾಲೆಯಲ್ಲಿ ಮತ್ತೆ ಆರಂಭಿಸುತ್ತೇವೆ. ಒಂದು ತಾಸಿಗಿಂತ ಹೆಚ್ಚು ಮಾತನಾಡಬಾರದೆಂದು ಮನೆಯವರ ಕಟ್ಟಪ್ಪಣೆ. ಗಡಿಯಾರವನ್ನು ಅವರೇ ನೋಡುತ್ತಾರೆ. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿಗಳನ್ನು ತರಿಸಿದ್ದೇವೆ. ಬರುವವರು ಬಾಳೆಹಣ್ಣು ತರಬೇಕಾಗಿಲ್ಲ.